ಬಣ್ಣಕ್ಕೆ ಎಪ್ಪತ್ತು ಸಾವಿರ

ಎರಡು ಭಾನುವಾರ, ಎರಡು ಕಾರು ನೋಡಿದೆವು.
ಒಂದು ಕೆಂಪು, ಗಿಡ್ಡ, ಗೇರಿನದು.
ಇನ್ನೊಂದು ಎತ್ತರ, ತಾನೇ ಗೇರು ಹಾಕಿಕೊಳ್ಳುವುದು.
ಅದರ ಬಣ್ಣ ಮಾತ್ರ, ಏನು ಹೇಳಲಿ,
ನೆನೆಹಾಕಿ ಮರೆತ ಹೆಸರುಕಾಳು.

ಹಾಲೇಶ ಮೆಸ್ಕಾಂನ ಬಿಲ್ ಕೌಂಟರಿನವನು.
ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು
ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಅಂತ ಬರೆದ.
ಲೀಟರಿಗೆ ಎಷ್ಟು, ಕಂತು ಎಷ್ಟು, ವಿಮೆ ಎಷ್ಟು,
ಐದು ವರ್ಷ ಬಿಟ್ಟು ಮಾರಿದರೆ ಎಷ್ಟು.
ಕೆಂಪಿಗೆ ಎಲ್ಲ ಸಾಲಿನಲ್ಲೂ ಟಿಕ್ಕು.
ಹಸಿರಿನ ತುದಿಗೆ
ಎಪ್ಪತ್ತು ಸಾವಿರ ಜಾಸ್ತಿ,
ಎರಡೆರಡು ಅಡಿಗೆರೆ.

ನಾನು ಬರೆಯುವವಳಲ್ಲ, ಅಳೆಯುವವಳು.
ದುರ್ಗಿಗುಡಿಯ ಒಂದು ಮೆಟ್ಟಿಲ ಕೆಳಗೆ
ಹತ್ತೊಂಬತ್ತು ವರ್ಷದಿಂದ ಬ್ಲೌಸು ಹೊಲಿಯುತ್ತೇನೆ.
ಶೋರೂಮಿಗೂ ಟೇಪು ಕೊರಳಲ್ಲೇ ಬಂತು.
ಟೈ ಕಟ್ಟಿದ ಹುಡುಗ ಏರ್‌ಬ್ಯಾಗು, ಡಿಕ್ಕಿ ಅಂತ ಹೇಳುತ್ತಿದ್ದಾಗ
ಬಗ್ಗಿ ಸೀಟಿನ ಎತ್ತರ ಹಿಡಿದೆ.
"ತೋಳಿನ ಅಳತೇನೂ ತಗೊಳ್ಳಿ ಮೇಡಂ" ಅಂದ.
"ಕಾಲರಿಗೆ ಅರ್ಧ ಇಂಚು ಲೂಸ್ ಬೇಕು ನಿಂಗೆ" ಅಂದೆ.

ಅತ್ತೆ ಕೆಂಪಿನಲ್ಲಿ ಕೂತವರು ಏಳಲಿಲ್ಲ,
ಇಬ್ಬರು ಹಿಡಿದು ಎಳೆದೆವು.
ಹಸಿರಿಗೆ ಹತ್ತುವಾಗ ತಲೆ ತಗಲಿತು.
"ಎರಡೂ ಬ್ಯಾಡ, ಆಟೋನೇ ಸೈ."
ಮಗಳು ಪ್ರೇಕ್ಷಾಗೆ ಬೇಕಾದದ್ದು
ಛಾವಣಿ ತೆರೆಯುವ ಮೂರನೆಯದು.
ಕೋಟೆ ರಸ್ತೆಯ ನಮ್ಮ ಓಣಿಯನ್ನೂ
ಬೆಳಗಿನ ಐದೂವರೆಗೆ, ಯಾರೂ ಏಳುವ ಮೊದಲು ಅಳೆದೆ.
ಖಲಂದರ್ ಸಾಬರ ಡ್ರಮ್ಮಿನ ಹತ್ತಿರ ಆರಡಿ ಒಂದಿಂಚು.
ಕನ್ನಡಿ ಮಡಚಿದರೆ ಎರಡೂ ಹೋಗುತ್ತವೆ.

ಹಾಗಾದರೆ ಕೆಂಪೇ, ಅಂದುಕೊಂಡಿದ್ದೆ.

ಹಾಲೇಶ ಓಡಿಸಿ ನೋಡಿದ. ಹಿಂದೆ ನಾನು.
ಅಮೀರ್ ಅಹ್ಮದ್ ಸರ್ಕಲ್ ದಾಟಿ
ಗಾಂಧಿ ಬಜಾರಿನ ಬಾಯಿಗೆ ಬಂದರೆ
ಬಾಳೆಹಣ್ಣಿನ ಗಾಡಿ, ಅದರ ಮುಂದೆ ಭದ್ರಾವತಿ ಬಸ್ಸು,
ಬಸ್ಸಿನ ಮುಂದೆ ಏನಿತ್ತೋ.
ಕ್ಲಚ್ಚು, ಫಸ್ಟು, ಬ್ರೇಕು, ಕ್ಲಚ್ಚು.
ಹನ್ನೊಂದರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ.
"ಬೆಣ್ಣೆ ಸಾರ್, ಕ್ಲಚ್ಚು ಬೆಣ್ಣೆ" ಅಂದ ಹುಡುಗ.
"ಸಲೀಸಾಗಿದೆ" ಅಂದ ಹಾಲೇಶ.
ಇಳಿದು ನಿಂತಾಗ
ಪ್ಯಾಂಟಿನೊಳಗೆ ಅವನ ಎಡಮಂಡಿ ನಡುಗುತ್ತಿತ್ತು,
ಕಾಲು ತೆಗೆದ ಮೇಲೂ
ಮಿಷನ್ನಿನ ಚಕ್ರ ಒಂದಿಷ್ಟು ತಿರುಗುತ್ತದಲ್ಲ, ಹಾಗೆ.

ಮೊದಲು ಲೈನ್‌ಮನ್ ಆಗಿದ್ದ.
ಆಯನೂರಿನ ಆಚೆ, ಒಂದು ಆಷಾಢ, ಕಂಬದಿಂದ ಬಿದ್ದ.
ಮೂಳೆ ಕೂಡಿತು. ಮುಕ್ಕಾಲು ಇಂಚು ಕಮ್ಮಿ ಕೂಡಿತು.
ಇದನ್ನು ಅವನು ಯಾರಿಗೂ ಹೇಳಿಲ್ಲ, ನನಗೂ.
ಅವನ ಪ್ಯಾಂಟು ಹೊಲಿಯುವವಳು ನಾನು.
ಹದಿನಾಲ್ಕು ವರ್ಷದಿಂದ ಎಡಗಾಲಿನ ಅಂಚನ್ನು
ಮುಕ್ಕಾಲು ಇಂಚು ಹೆಚ್ಚಿಗೆ ಮಡಚಿ ಹೊಲಿಯುತ್ತೇನೆ.
ಅವನು ಹಾಕಿಕೊಂಡು ಹೋಗುತ್ತಾನೆ.

ರಾತ್ರಿ ಕ್ಯಾಲೆಂಡರ್ ಹಿಡಿದು ಬಂದ.
"ಏನಂತೀಯ ವನಜಾ, ಕೆಂಪು ತಾನೆ?"
"ನಂಗೆ ಆ ಬಣ್ಣ ಹಿಡಿಸ್ತು."
"ಯಾವುದು?"
"ಹೆಸರುಕಾಳು."
"ಬಣ್ಣಕ್ಕೆ ಎಪ್ಪತ್ತು ಸಾವಿರಾನಾ? ತಲೆ ಸರಿ ಇದ್ಯಾ?"
"ಬಣ್ಣದ ವಿಷ್ಯ ನಿಂಗೇನು ಗೊತ್ತು? ನಾನು ಮದುವೆ ಸೀಸನ್ನಿಗೆ
ನಾಲ್ಕು ಆರ್ಡರು ಜಾಸ್ತಿ ಹಿಡೀತೀನಿ."

ಅವನು ನನ್ನ ಮುಖ ನೋಡಿದ.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ,
ಪೋಣಿಸಿದ್ದನ್ನೇ ಮತ್ತೆ.
ಪಟ್ಟಿಯಲ್ಲಿ ಬಣ್ಣದ ಸಾಲೇ ಇರಲಿಲ್ಲ.
ಕೆಳಗೆ ಜಾಗ ಹುಡುಕಿ, ಅಮಾವಾಸ್ಯೆಯ ಕಪ್ಪು ಚುಕ್ಕಿ ಮೂಡಿದ್ದ ಕಡೆ,
ಬಣ್ಣ ಅಂತ ಬರೆದು
ಹಸಿರಿಗೆ ಟಿಕ್ಕು ಹಾಕಿದ.

ಈಗ ದಿನಾ ಗೊಣಗುತ್ತಾನೆ. ಲೀಟರಿಗೆ ಹದಿನಾಲ್ಕೂ ಬರಲ್ವಂತೆ.
ಕೌಂಟರಿನವರು ಕೇಳಿದರೆ
"ಮನೆಯವಳಿಗೆ ಬಣ್ಣದ ಹುಚ್ಚು" ಅನ್ನುತ್ತಾನಂತೆ.

ನಿನ್ನೆ ಗೋಪಿ ಸರ್ಕಲ್ಲಿನಲ್ಲಿ ಸಿಗ್ನಲ್ಲು ಬಿತ್ತು.
ಅವನ ಎಡಗಾಲು ಚಪ್ಪಲಿ ಕಳಚಿ
ಮ್ಯಾಟಿನ ಮೇಲೆ ಬೆರಳಾಡಿಸುತ್ತಾ ಕೂತಿತ್ತು.
ನೋಡಿಯೂ ನೋಡದ ಹಾಗೆ ಆಚೆ ತಿರುಗಿದೆ.
ಎದುರು ಬಟ್ಟೆ ಅಂಗಡಿಯ ಗಾಜಿನಲ್ಲಿ ನಮ್ಮ ಕಾರು
ಪೂರ್ತಿ ಕಂಡಿತು.
ದೇವರಾಣೆ, ಕೆಟ್ಟ ಬಣ್ಣ.