ಜೋಡಿಗೂಡು

ಬೇಸಿನ್ನಿನ ಒಲೆ ಆರಿಸಿ, ಬಿಸಿನೀರು ಮೋರಿಗೆ ಚೆಲ್ಲಿ,
ಶಿಡ್ಲಘಟ್ಟದ ರೀಲಿಂಗ್ ಶೆಡ್ಡಿನಲ್ಲಿ ನಾವು ನಾಲ್ವರು
ಯಾರೋ ರೈತ ಬಿಟ್ಟುಹೋದ ಚಂದ್ರಂಕಿ ಮಗುಚಿ
ಅದರ ಬೆನ್ನ ಮೇಲೆ ಎಲೆ ಹಂಚುತ್ತೇವೆ. ಪೋಕರ್.
ಕಾಸಿಲ್ಲ. ಬಾಜಿಗೆ ಜೋಡಿಗೂಡು:
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿಕೊಂಡು
ಎಳೆ ಸಿಕ್ಕಾಗಿ, ಲಾಟಿನಿಂದ ಆರಿಸಿ ಎಸೆದದ್ದು.
ಒಂದು ಗೂಡಿಗೆ ಒಂದು ಟೀ. ಭಾನುವಾರ ಲೆಕ್ಕ.

ಆವತ್ತು ನನ್ನ ಕೈಗೆ ಎರಡು ರಾಜ.
ನಡುವೆ ಬಿಚ್ಚಿದ ಮೂರೆಲೆಯಲ್ಲಿ ಇನ್ನೊಬ್ಬ, ಆಟಿನ್ ರಾಜ;
ಅವನ ಪಕ್ಕ ಇಸ್ಪೀಟ್ ಒಂಬತ್ತು, ಇಸ್ಪೀಟ್ ನಾಲ್ಕು.
ಎದುರಿಗೆ ದ್ಯಾವಪ್ಪ
ತುಟಿಯ ಬೀಡಿಗೆ ಕಡ್ಡಿ ಗೀರುವುದನ್ನು ಮರೆತಿದ್ದ.
ಕೈಯಲ್ಲಿ ಎರಡು ಕರಿ ಎಲೆ ಇರುವವನ ಮರೆವು ಅದು.

ಹನ್ನೆರಡು ಗೂಡಿದ್ದವು ನಡುವೆ.
ಜಾಸ್ತಿ ಕಟ್ಟಿದರೆ ಎಲ್ಲರೂ ಮಗುಚಿಯಾರು,
ಮೂರು ರಾಜರಿಗೆ ಬರೀ ಹನ್ನೆರಡು ಟೀ?
ಎರಡನೇ ಹೋಳಿಗೆ ಬೇಡವೆನ್ನುವ ಬೀಗರ ಹಾಗೆ
ಎರಡೇ ಗೂಡು ತಳ್ಳಿದೆ.

ಉಳಿದಿಬ್ಬರು ಮಗುಚಿದರು.
ದ್ಯಾವಪ್ಪ ಎರಡು ಹಾಕಿದ. ಹಾಕಿ, ಬೀಡಿ ಹಚ್ಚಿದ.

ನಾಲ್ಕನೆಯದು ಇಸ್ಪೀಟ್ ಏಳು.

ಆಗ ತಳ್ಳಿದೆ ನೋಡಿ, ಹದಿನೈದು!
ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲಿಗೆ ಅಗುಳಿ.
ಅವನು ಎಣಿಸಿ ಎಣಿಸಿ ಹದಿನೈದು ಇಟ್ಟ.
ಕೊನೆಯ ಎಲೆ ಯಾವುದೆಂದು ಈಗ ನೆನಪಿಲ್ಲ,
ರಾಜನಂತೂ ಅಲ್ಲ.

ಗಫಾರ್ ಸಾಬರು ನಗಲಿಲ್ಲ. ಮೂವತ್ತು ವರ್ಷ
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿದ ಗಂಟಲು:
"ಒಳ್ಳೆ ಎಲೆ ಅಂದ್ರೆ ಹಸಿಗೂಡು ಕಣಪ್ಪ.
ತೂಕ ಇವತ್ತಿಂದು. ಒಳಗೆ ರೆಕ್ಕೆ ಬಲೀತಾ ಐತೆ,
ನಾಳಿದ್ದು ತೂತು ಬಿದ್ರೆ ಎಳೆ ಎಲ್ಲಿಂದ ಎಳೀತೀಯ?
ಹಂಗಂತ ಅವನ್ನ ಓಡಿಸ್ಬೇಡ. ಹತ್ತಲಿ ಬಸ್ಸು.
ಚಿಂತಾಮಣಿವರೆಗೂ ಟಿಕೆಟ್ ಹರಿ. ಎಂಟು, ಒಂಬತ್ತು.
ಐದು ಸಲಕ್ಕೊಂದ್ಸಲ ಅವನೂರು ಸಿಗುತ್ತೆ, ಸಿಗಲಿ,
ದುಡ್ಡು ಕೊಟ್ಟು ಇಳೀಲಿ.
ನೀನು ಪುಕ್ಕಟೆ ಕೂರಿಸ್ಕೊಂಡು, ಕಿಟಕಿ ಸೀಟೂ ಬಿಟ್ಕೊಟ್ಟೆ."

ದ್ಯಾವಪ್ಪ ನಲವತ್ತಾರು ಗೂಡು
ಟವೆಲ್ಲಿಗೆ ಬಾಚಿ ಗಂಟು ಹಾಕುತ್ತಿದ್ದ.
ಮೇಲಿನ ಒಂದರ ತುದಿ ಒದ್ದೆಯಾಗಿತ್ತು,
ಒಳಗಿನಿಂದ, ಸಾಸಿವೆಯಷ್ಟು.

ನಾನು ನೋಡಿದೆ.
ಹೇಳಲಿಲ್ಲ.