ಬಾಡಿಗೆಗೆ ಕೊಡುವ ಮೊದಲು

ಆಧಾರ್ ನಕಲು ಇಲ್ಲಿಡು. ಮುಂಗಡ ಐನೂರು,
ದಿನಕ್ಕೆ ಇನ್ನೂರೈವತ್ತು. ಏಳು ಗಂಟೆಗೆ ಶಟರ್ ಎಳೀತೀನಿ.
ಇಷ್ಟನ್ನು ಬೋರ್ಡಲ್ಲೇ ಬರೆಸಿದೀನಿ.
ಬರೆಸದೆ ಇರೋದನ್ನ ಈಗ ಹೇಳ್ತೀನಿ, ತಾಳು,
ಸಾಲಗಾಮೆ ರಸ್ತೆಯ ಆ ಬಸ್ಸು ಮೊದಲು ಹಾರ್ನು ನಿಲ್ಲಿಸಲಿ.

ಹೂಂ. ಹೆಸರೇನಂದೆ? ಚೆಲುವರಾಜ.
ಕೋಳಿಗೂಡಿಗೆ ಹಲಗೆ. ಸಿಲ್ವರ್ ಓಕು, ಅದೂ ಹಸಿ.
ಹಸಿ ಮರ ಅಂದರೆ ಮುನಿಸಿಕೊಂಡ ನೆಂಟ ಕಣಪ್ಪ,
ಅರ್ಧ ದಾರಿ ಬಿಟ್ಟುಕೊಟ್ಟು ಆಮೇಲೆ ಕಚ್ಚಿ ಹಿಡಿಯುತ್ತೆ.
ಹಿಡಿಯಿತೋ, ಮಷೀನು ಹಿಂದಕ್ಕೆ ನೆಗೆಯುತ್ತೆ, ಸೀದಾ ತೊಡೆಗೆ.
ಒದೆಯೋ ಹಸುವಿನ ನೇರ ಹಿಂದೆ ಯಾರಾದರೂ ನಿಲ್ತಾರಾ?
ಒಂದು ಮಗ್ಗುಲಿಗೆ ನಿಲ್ಲು. ಎರಡೂ ಕೈ ಹಿಡಿ ಮೇಲಿರಲಿ.
ಬ್ಲೇಡು ಹಲಗೆಯ ಕೆಳಗೆ
ಒಂದು ಹಲ್ಲಿನಷ್ಟು ಇಣುಕಿದರೆ ಸಾಕು.
ತುಂಡಾಗಿ ಬೀಳೋದು ಬೀಳಲಿ, ಕೈ ಕೊಡಬೇಡ.

ಇಲ್ನೋಡು, ಕೆಳಗಿನ ಈ ಗಾರ್ಡು.
ಎತ್ತಿ ಬಿಟ್ಟರೆ ಟಕ್ ಅಂತ ಮುಚ್ಚಬೇಕು,
ಧೂಳಿಗೆ ರೆಪ್ಪೆ ಮುಚ್ಚಿದ ಹಾಗೆ.
ಹೋದ ತಿಂಗಳು ಒಬ್ಬ ವಾಪಸ್ ತಂದಾಗ
ಬೈಂಡಿಂಗ್ ವೈರಲ್ಲಿ ಅದನ್ನ ಮೇಲಕ್ಕೆ ಕಟ್ಟಿದ್ದ.
ಅಡ್ಡ ಬರ್ತಿತ್ತಂತೆ.
ಅಡ್ಡ ಬರೋದೇ ಅದರ ಕೆಲಸ ಕಣಯ್ಯ ಅಂದೆ.
ಅವನಿಗೀಗ ನನ್ನ ಅಂಗಡೀಲಿ ಸಲಿಕೆ ಕೂಡ ಸಿಗಲ್ಲ.

ಇನ್ನು ಕರೆಂಟು.
ನಿಮ್ಮೂರಲ್ಲಿ ಮಧ್ಯಾಹ್ನ ಹೋಗುತ್ತಲ್ವಾ?
ಹೋದ ತಕ್ಷಣ ಬೆರಳು ಬಿಡು, ಪ್ಲಗ್ಗು ಕೀಳು, ಆಮೇಲೆ ಬೀಡಿ ಹಚ್ಚು.
ಡೈರಿ ಸರ್ಕಲ್ ಹತ್ತಿರ ಸೆಂಟ್ರಿಂಗ್ ಕೆಲಸಕ್ಕೆ ಬಂದಿದ್ದವನು
ಸ್ವಿಚ್ಚಿನ ಲಾಕು ಬಿಡಿಸದೆ ಟೀಗೆ ಹೋಗಿದ್ದ.
ಗಾರ್ಡಿಗೆ ಚಕ್ಕೆ ಸಿಕ್ಕಿದ್ದನ್ನೂ ನೋಡಿರಲಿಲ್ಲ.
ಕರೆಂಟು ಬಂತು.
ಯಾರೂ ಇಲ್ಲದ ಕೋಣೇಲಿ
ಈ ಮಷೀನೇ, ನೀನು ಮುಟ್ಟಿದೀಯಲ್ಲ, ಇದೇ,
ನೆಲದ ಮೇಲೆ ತಾನೇ ತೆವಳಿಕೊಂಡು ಹೋಗಿ
ಒಂದು ಸಿಮೆಂಟು ಚೀಲ ಸೀಳಿತು.
ಗ್ಲಾಸು ಹಿಡಿದೇ ಬಾಗಿಲಲ್ಲಿ ನಿಂತಿದ್ದನಂತೆ, ಬೂದು ಧೂಳಲ್ಲಿ.
ಆ ಚೀಲಕ್ಕೆ ತಲೆಯಿಟ್ಟು ಮಲಗಿದ್ದ ಹುಡುಗ
ಉಚ್ಚೆಗೆ ಅಂತ ಆಗ ತಾನೆ ಎದ್ದಿದ್ದ.

ಕ್ಲೀನು ಮಾಡೋದು ನನಗೇ ಬಿಡು.
ರಾತ್ರಿ ಪ್ಲಗ್ಗನ್ನ ಕಣ್ಣೆದುರೇ ಮೇಜಿನ ಮೇಲೆ ಇಟ್ಟುಕೊಂಡು
ನಟ್ಟು ಬಿಚ್ಚಿ ಬ್ಲೇಡನ್ನ ಅಡಿಗೆ ಸೋಡದ ನೀರಿಗೆ ಹಾಕ್ತೀನಿ.
ಮರದ ಅಂಟು ಬಿಡುತ್ತೆ, ಹಳೇ ಡಿಕಾಕ್ಷನ್ ಬಣ್ಣ.
ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಒರೆಸಿ, ಎಣಿಸ್ತೀನಿ:
ನಲವತ್ತು ಹಲ್ಲು. ನಮಗಿಂತ ಎಂಟು ಹೆಚ್ಚು.
ಒಂದು ಚಕ್ಕೆ ಎದ್ದಿದ್ದರೂ ಬ್ಲೇಡು ಗುಜರಿಗೆ.
ಗಾಳಿ ಕಿಂಡಿಯ ಹೊಟ್ಟು ಊದಿ ತೆಗೆದು,
ಕಾರ್ಬನ್ ಬ್ರಷ್ಷು ಉಗುರಿಗಿಂತ ಗಿಡ್ಡ ಆಗಿದ್ದರೆ ಬದಲಿಸಿ,
ಕೊನೆಗೊಂದು ಸಲ ಸುಮ್ಮನೆ ತಿರುಗಿಸಿ ಕೇಳ್ತೀನಿ.
ನಿದ್ದೆ ಬಂದ ಮಗುವಿನ ಉಸಿರು
ಬೇರೆ ಕೋಣೆಯಿಂದಲೇ ಗೊತ್ತಾಗಲ್ವಾ, ಹಾಗೆ.

ಇದನ್ನೆಲ್ಲ ಕಲಿಸಿದ್ದು ಇನ್ನಾಸಪ್ಪ ಮೇಸ್ತ್ರಿ.
ಮೊದಲ ದಿನ ಮಷೀನು ಮುಟ್ಟೋಕೇ ಬಿಡಲಿಲ್ಲ.
ಸೆರಗು ಬಿಗಿದು ಸಿಕ್ಕಿಸು, ಬಳೆ ತೆಗೆದಿಡು,
ನಿಂತ ಬ್ಲೇಡು ನಿಜವಾಗಿ ನಿಂತಿದೆಯಾ ನೋಡೋದು ಕಲಿ,
ಇಷ್ಟೇ ಪಾಠ ಅವತ್ತು.
ಬೆರಳು ಕಳಕೊಂಡವರಿಗೆ ಒಂದು ಕತೆ ಇರುತ್ತೆ,
ಟೀ ಅಂಗಡೀಲಿ ಬೆಂಚು ಸರಿಸಿ ಕೂರಿಸ್ತಾರೆ.
ಮೂವತ್ತೊಂದು ವರ್ಷ ಕುಯ್ದ ಮನುಷ್ಯನಿಗೆ
ಹೇಳಿಕೊಳ್ಳೋಕೆ ಏನೂ ಇರಲಿಲ್ಲ.
ಪೆಟ್ಟಿಗೇಲಿ ಮಲಗಿಸಿದಾಗ ಎಲ್ಲರೂ ಮುಖ ನೋಡ್ತಿದ್ದರು,
ನಾನು ಜಪಮಾಲೆ ಸುತ್ತಿದ ಕೈ ನೋಡಿದೆ.
ಎಣಿಸಿದೆ ಕೂಡ. ತಪ್ಪು ಅನ್ನಿಸಿತು, ಆದರೂ ಎಣಿಸಿದೆ.

ಸರಿ, ತಗೋ.
ತೋಳು ಮಡಚು, ಪಂಚೆ ಬಿಟ್ಟು ಪ್ಯಾಂಟು ಹಾಕ್ಕೋ,
ಈ ಕನ್ನಡಕಕ್ಕೆ ಬಾಡಿಗೆ ಇಲ್ಲ.
ವೈರು ಹೆಗಲ ಮೇಲಿರಲಿ, ಬ್ಲೇಡಿನ ದಾರೀಲಿ ಬೇಡ.
ಸಂಜೆ ತಂದಾಗ ಮಷೀನು ಅಲ್ಲೇ ಕೆಳಗಿಟ್ಟು
ಮೊದಲು ಕೈ ತೋರಿಸು.
ಮುಂಗಡ ಆಮೇಲೆ.