ನಮ್ಮಪ್ಪನಿಗೂ ಒಂದಿರಲಿ

ಪುಕ್ಕಟೆ ಅಂದಮೇಲೆ ನನಗೊಂದಿರಲಿ,
ನಮ್ಮಪ್ಪನಿಗೂ ಒಂದಿರಲಿ.
ಗ್ಲಾಸ್ಗೋದಲ್ಲಿ ಹದಿನೆಂಟು ವರ್ಷದಿಂದ
ಸಂಗೀತಕ್ಕೆಂದು ನಾನು ಒಂದು ಪೆನ್ನಿಯೂ ಬಿಚ್ಚಿಲ್ಲ.
ಆಸ್ಪತ್ರೆ ಲಾಂಡ್ರಿಯ ಸಂಬಳದಲ್ಲಿ
ಬಿಚ್ಚುವುದಕ್ಕೆ ಗಂಟೂ ಇರಲಿಲ್ಲ ಅನ್ನಿ.

ಆದರೆ ಕಿವಿಗೆ ದಾರಿ ಗೊತ್ತು.
ಸಂಗೀತ ಶಾಲೆಯ ಹಿಂದಿನ ಓಣಿ, ಕಸದ ಡಬ್ಬಗಳ ಪಕ್ಕ,
ಜೂನ್ ತಿಂಗಳು. ಪರೀಕ್ಷೆ ಹತ್ತಿರ ಬಂದಾಗ
ಮೂರನೇ ಮಹಡಿಯ ಕಿಟಕಿ ತೆರೆದೇ ಇರುತ್ತದೆ.
ಯಾರೋ ಹುಡುಗಿ ಸೆಲ್ಲೋದಲ್ಲಿ ಒಂದೇ ಸಾಲನ್ನು
ನಲವತ್ತು ಸಲ ತಪ್ಪಿದಳು.
ನಲವತ್ತೊಂದನೆಯದು ಸರಿಹೋಯಿತೋ ಏನೋ,
ನನ್ನ ಬಸ್ಸು ಬಂತು.

ಮಂಗಳವಾರ ಪಬ್ಬಿನಲ್ಲಿ ಪಿಟೀಲಿನವರು ಸುತ್ತ ಕೂರುತ್ತಾರೆ.
ಅಲ್ಲಿ ಪುಕ್ಕಟೆಗೆ ಒಂದು ಷರತ್ತು:
ಕೈಯಲ್ಲಿ ಲೋಟ ಇರಬೇಕು.
ಅರ್ಧ ಲೋಟ ಬಿಯರನ್ನು ಎರಡೂವರೆ ಗಂಟೆ
ಸಾಕಿಕೊಂಡು ಕೂರುವುದು ಒಂದು ವಿದ್ಯೆ.
ಬಾರಿನ ಮರ್ಡೊಗೆ ನನ್ನ ಲೋಟದ ಮಟ್ಟ ಗೊತ್ತು,
ನೋಡಿಯೂ ನೋಡದ ಹಾಗೆ ಮೇಜು ಒರೆಸಿ ಹೋಗುತ್ತಾನೆ.

ಅಪ್ಪನದೇ ತಾಪತ್ರಯ.
ಡೂಗಲ್ಡ್ ಮೆಕ್‌ಫೇಲ್, ಎಂಬತ್ತೆರಡು.
ಗೋವನ್ನಿನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಉಕ್ಕಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದವನು.
ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ, ಅಷ್ಟೇ.
ಹಡಗುಗಳು ಸಮುದ್ರಕ್ಕೆ ಹೋದವು,
ಕಿವಿ ಅವುಗಳ ಹಿಂದೆ ಹೋಯಿತು.
ಮೊದಲು ಮೇಲಿನ ಸ್ವರಗಳು, ಹಕ್ಕಿ, ಕೆಟಲ್ಲು,
ಆಮೇಲೆ ಅಮ್ಮ ಕರೆಯುವುದು.
ಅಮ್ಮ ಇದನ್ನು ಕೊನೆಯವರೆಗೂ ನಂಬಲಿಲ್ಲ.
ಪಿಟೀಲು ಅವನಿಗೆ ಬರೀ ಮೊಣಕೈ.
"ಗರಗಸ ಎಳೀತಿದ್ದಾರೆ, ಮರ ಎಲ್ಲಿ?" ಅಂದ ಒಮ್ಮೆ,
ಇಡೀ ಪಬ್ಬಿಗೆ ಕೇಳುವಂತೆ.

ಬುಧವಾರ ಮಧ್ಯಾಹ್ನ ಒಂದಕ್ಕೆ
ನದಿಯಾಚೆಯ ಇಗರ್ಜಿಯಲ್ಲಿ ಆರ್ಗನ್.
ಬಾಗಿಲಲ್ಲಿ ಹಲಗೆ: ಉಚಿತ, ಎಲ್ಲರೂ ಬನ್ನಿ.
ಹೊರಗೆ ಸೋನೆ, ಒಳಗೆ ಒದ್ದೆ ಕೋಟುಗಳ ವಾಸನೆ,
ಹನ್ನೊಂದು ಜನ, ಒಂದು ನಾಯಿ.
ಬೆಚ್ಚಗಿರುತ್ತದೆ ಎಂದು ಕರೆದುಕೊಂಡು ಹೋಗಿದ್ದು, ಸುಳ್ಳೇಕೆ.

ನುಡಿಸುವಾಕೆಯ ಬೆನ್ನಷ್ಟೇ ಕಾಣುತ್ತಿತ್ತು.
ಬೂಟು ಕಳಚಿಟ್ಟು, ಬರೀ ಕಾಲುಚೀಲದಲ್ಲಿ
ಕೆಳಗಿನ ಮಣೆಗಳ ಮೇಲೆ ಹುಡುಕುತ್ತ ನಡೆದಳು.
ಎಡತುದಿಯದನ್ನು ತುಳಿದಾಗ
ಗೋಡೆಯ ಅತಿ ಉದ್ದದ ಕೊಳವೆ
ಕೂಗಲಿಲ್ಲ, ಉಸಿರೆಳೆಯಿತು.
ನಮ್ಮ ಬೆಂಚು ನಡುಗಿತು.
ಅಪ್ಪ ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿದ,
ಹಣೆಯನ್ನು ಮುಂದಿನ ಬೆಂಚಿಗೆ ಆನಿಸಿದ.
ಪ್ರಾರ್ಥನೆ ಅಂದುಕೊಂಡರು ಪಕ್ಕದವರು.
ಅವನು ದೇವರನ್ನು ಬಿಟ್ಟು ಅರವತ್ತು ವರ್ಷ.
"ಬೆಣೆ ಬಿಚ್ಚಿದರು," ಅಂದ, ಗಟ್ಟಿಯಾಗಿ,
"ಜಾರುತ್ತಿದೆ ನೋಡು, ನೀರಿಗೆ."

ಮುಗಿದ ಮೇಲೆ ತಟ್ಟೆ ಬಂತು.
ಪುಕ್ಕಟೆಯ ಬಾಲದಲ್ಲಿ ಯಾವಾಗಲೂ ಒಂದು ತಟ್ಟೆ.
ನಾನು ಜೇಬು ತಡಕಿದೆ, ನಾಟಕಕ್ಕೆ.
ಅಪ್ಪ ಕಿವಿಯ ಯಂತ್ರವನ್ನೇ ಕಿತ್ತು
ನಾಣ್ಯಗಳ ನಡುವೆ ಇಟ್ಟ.
"ಒಂದು ದಿನವೂ ಕೆಲಸಕ್ಕೆ ಬರಲಿಲ್ಲ, ಇಟ್ಟುಕೊಳ್ಳಿ."
ಅದು ತಟ್ಟೆಯಲ್ಲಿ ಕುಂಯ್ಯೆಂದು ಸಿಳ್ಳೆ ಹಾಕುತ್ತಿತ್ತು,
ಅವನೊಬ್ಬನಿಗೆ ಬಿಟ್ಟು ಎಲ್ಲರಿಗೂ ಕೇಳುವಂತೆ.
ನಾಯಿ ಎದ್ದು ನಿಂತಿತು.
ವಾಪಸು ಎತ್ತಿಕೊಳ್ಳುವಾಗ ನಾಚಿಕೆಗೆ
ಎರಡು ಪೌಂಡು ಹಾಕಿದೆ.
ಹದಿನೆಂಟು ವರ್ಷದ ವ್ರತ ಹೋಯಿತು.

ಬಸ್ಸಿನಲ್ಲಿ ಮುದುಕರಿಗೆ ಟಿಕೆಟ್ ಇಲ್ಲ, ನನಗಿದೆ.
ಸಿಗ್ನಲ್ಲಿನಲ್ಲಿ ನಿಂತು ಎಂಜಿನ್ ಗುರುಗುಟ್ಟುವಾಗ
ಕಿಟಕಿಯ ಗಾಜಿಗೆ ಅಂಗೈ ಇಟ್ಟಿದ್ದ ಅಪ್ಪ
ನನ್ನ ಕೈಯನ್ನೂ ಎಳೆದು ಪಕ್ಕಕ್ಕಿಟ್ಟ.
"ಅಷ್ಟೇನೂ ಚೆನ್ನಾಗಿಲ್ಲ," ಅಂದ,
"ಆದರೂ ಕೇಳು."